ಊರಿಲ್ಲದ ದಾರಿಗೆ ಕೈಮರ

ಕವಲುದಾರಿಯಲ್ಲಿ ನಿಂತು, ಇತ್ತ ಹೋದರೆ ಇಂಥ ಊರು ಅತ್ತ ಹೋದರೆ ಇಂಥ ಊರು ಎಂದು ತೋರಿಸುವ ಕಂಬಕ್ಕೆ ನಮ್ಮ ಹಿರಿಯರು ಕೈಮರ ಎಂದು ಹೆಸರಿಟ್ಟರು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆಗೆ ಹೊರಟವರಿಗೆ ಕೈಮರ ಎಂಬ ಹೆಸರಿನ ಸ್ಥಳವೇ ಸಿಗುತ್ತದೆ. ಬರವಣಿಗೆಯಲ್ಲಿಯೂ ಇಂಥ ಕೈಮರಗಳುಂಟು. ಕನ್ನಡದಲ್ಲಿ 'ಈ ಕೆಳಗಿನಂತೆ', 'ಮುಂದೆ ವಿವರಿಸಲಾಗುವುದು'. ಇಂಗ್ಲಿಷಿನಲ್ಲಿ 'ಆ್ಯಸ್ ಫಾಲೋಸ್', 'ಆ್ಯಸ್ ವಿ ಶಲ್ ಸೀ', 'ಇನ್ ದಿಸ್ ಎಸ್ಸೇ ಐ ಆ್ಯಮ್ ಗೋಯಿಂಗ್ ಟು ಡಿಸ್ಕಸ್'. ಓದುವವನ ಕಣ್ಣನ್ನು ಇನ್ನೂ ಬಾರದ ಮಾತಿನ ಕಡೆಗೆ ತಿರುಗಿಸುವುದು ಇವುಗಳ ಕೆಲಸ. ಊರಿದ್ದರೆ ಕೈಮರ ಬೇಕು, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಇಂದು ನಮ್ಮ ಮಕ್ಕಳಿಗೆ ಊರು ಕಟ್ಟುವ ಮೊದಲೇ ಕೈಮರ ನೆಡುವುದನ್ನು ಕಲಿಸಲಾಗುತ್ತಿದೆ. ಅದಕ್ಕೆ ಅಂಕವನ್ನೂ ಕೊಡಲಾಗುತ್ತಿದೆ. ಇದನ್ನು ವಿರೋಧಿಸಿಯೇ ಈ ಬರಹ.

ಬರೆಯಲು ಪ್ರೇರಣೆಯಾದದ್ದು ಒಂದು ಹಾಳೆ. ನಮ್ಮ ನಾಗರಬಾವಿಯ ಬೀದಿಯಲ್ಲಿರುವ ಹುಡುಗನೊಬ್ಬ ಹೊರದೇಶದಲ್ಲಿ ಓದುವ ಆಸೆಯಿಂದ ಐಇಎಲ್‌ಟಿಎಸ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ಅವನು ಹಣ ಕಟ್ಟಿ ಸೇರಿರುವ ತರಬೇತಿ ಕೇಂದ್ರದವರು (ಹೆಸರು ಬೇಡ, ಇಂಥವು ಒಂದಲ್ಲ ಹತ್ತಾರಿವೆ) 40 ಇಂಗ್ಲಿಷ್ ಪದಗುಚ್ಛಗಳನ್ನು ಅಚ್ಚು ಹಾಕಿಸಿ ಕೊಟ್ಟಿದ್ದಾರೆ. ಪ್ರತಿ ಪ್ಯಾರಾದ ಆರಂಭದಲ್ಲಿ ಇವುಗಳಲ್ಲೊಂದನ್ನು ಬಳಸಲೇಬೇಕು ಎಂಬ ಕಟ್ಟಪ್ಪಣೆ ಬೇರೆ. ಹುಡುಗ ಅದನ್ನು ಸಹಸ್ರನಾಮದಂತೆ ಕಂಠಪಾಠ ಮಾಡಿದ್ದಾನೆ. ಅವನು ಮೊಬೈಲ್ ಫೋನಿನ ಬಗ್ಗೆ ಬರೆದ ಪ್ರಬಂಧವನ್ನು ನನಗೆ ತೋರಿಸಿದ. ಎರಡನೆಯ ವಾಕ್ಯ ಇದು: 'ಇನ್ ದಿಸ್ ಎಸ್ಸೇ ಐ ಆ್ಯಮ್ ಗೋಯಿಂಗ್ ಟು ಡಿಸ್ಕಸ್ ಬೋತ್ ದಿ ಅಡ್ವಾಂಟೇಜಸ್ ಆ್ಯಂಡ್ ದಿ ಡಿಸ್‌ಅಡ್ವಾಂಟೇಜಸ್ ಆಫ್ ಮೊಬೈಲ್ ಫೋನ್ಸ್ ಆ್ಯಂಡ್ ದೆನ್ ಐ ವಿಲ್ ಗಿವ್ ಮೈ ಓನ್ ಒಪಿನಿಯನ್.' ಎಣಿಸಿ ನೋಡಿದೆ, 25 ಪದಗಳು. ಆ ಪರೀಕ್ಷೆಯ ಎರಡನೆಯ ಬರಹಕ್ಕೆ ಕೇಳುವುದು ಕನಿಷ್ಠ 250 ಪದಗಳನ್ನು, ಸಮಯ ಸುಮಾರು 40 ನಿಮಿಷ. ಹತ್ತರಲ್ಲಿ ಒಂದು ಪಾಲು ಏನನ್ನೂ ಹೇಳದೆಯೇ ಖರ್ಚಾಯಿತು.

"ಯಾಕಪ್ಪಾ ಈ ವಾಕ್ಯ?" ಎಂದು ಕೇಳಿದೆ. "ಬ್ಯಾಂಡ್ ಜಾಸ್ತಿ ಬರುತ್ತೆ ಅಂಕಲ್" ಎಂದ.

ಬರುವುದಿಲ್ಲ. ಆ ಪರೀಕ್ಷೆಯವರು ಅಂಕ ಕೊಡುವ ಮಾನದಂಡಗಳನ್ನು ತಾವೇ ಪ್ರಕಟಿಸಿದ್ದಾರೆ, ಯಾರು ಬೇಕಾದರೂ ಅಂತರಜಾಲದಲ್ಲಿ ಓದಬಹುದು. ನಾಲ್ಕು ಮಾನದಂಡಗಳಲ್ಲಿ ಒಂದು ಮಾತಿಗೆ ಮಾತು ಹೊಂದಿಕೊಳ್ಳುವ ಬಗೆಯನ್ನು ಕುರಿತದ್ದು. ಅಲ್ಲಿ 6ನೆಯ ಬ್ಯಾಂಡಿನ ಬರಹದ ಲಕ್ಷಣವಾಗಿ ಹೇಳಿರುವುದು ಜೋಡಣೆ ದೋಷಪೂರಿತವಾಗಿರಬಹುದು ಅಥವಾ ಯಾಂತ್ರಿಕವಾಗಿರಬಹುದು ಎಂದು. ಅತ್ಯುನ್ನತವಾದ 9ನೆಯ ಬ್ಯಾಂಡಿನಲ್ಲಿ ಜೋಡಣೆಯು ಓದುವವನ ಗಮನಕ್ಕೆ ಬರುವುದೇ ತೀರ ಅಪರೂಪವಾಗಿರಬೇಕು. ಗಮನಕ್ಕೆ ಬಾರದಿರುವುದೇ ಉತ್ತಮಿಕೆಯ ಗುರುತು ಎಂದು ಪರೀಕ್ಷಕರು ಹೇಳುತ್ತಿದ್ದರೆ, ಪ್ಯಾರಾಕ್ಕೊಂದು ಗಂಟೆ ಕಟ್ಟಿ ಬಾರಿಸಿರಿ ಎಂದು ತರಬೇತುದಾರರು ಹೇಳುತ್ತಿದ್ದಾರೆ. ಹಣ ಕೊಟ್ಟು 6ನೆಯ ಬ್ಯಾಂಡನ್ನು ಕೊಂಡುಕೊಳ್ಳುವ ವ್ಯವಹಾರವಿದು.

ಮದುವೆಯ ಮನೆಯಲ್ಲಿ ಬಡಿಸುವವನೊಬ್ಬ ನಿಮ್ಮ ಎಲೆಯ ಮುಂದೆ ನಿಂತು, "ನಾನು ಈಗ ಕೋಸಂಬರಿಯನ್ನು ಬಡಿಸಲಿದ್ದೇನೆ, ಅದಾದ ಮೇಲೆ ಪಲ್ಯವನ್ನು ಬಡಿಸಲಿದ್ದೇನೆ, ಕೊನೆಯಲ್ಲಿ ಪಾಯಸದ ಬಗ್ಗೆ ನನ್ನ ಸ್ವಂತ ಅಭಿಪ್ರಾಯವನ್ನು ತಿಳಿಸಲಿದ್ದೇನೆ" ಎಂದರೆ ನೀವೇನು ಮಾಡುವಿರಿ? ಬಡಿಸಯ್ಯಾ ಎನ್ನುವುದಿಲ್ಲವೆ?

ತರಬೇತಿ ಕೇಂದ್ರಗಳನ್ನು ಮಾತ್ರ ದೂರಿ ಫಲವಿಲ್ಲ. ಬೇರು ಇರುವುದು ನಮ್ಮ ಹತ್ತನೆಯ ತರಗತಿಯಲ್ಲಿ. ಕನ್ನಡ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿರಬೇಕೆಂದು ಗೈಡುಗಳು ಸಾರುತ್ತವೆ. ಮಕ್ಕಳು ಆ ಮೂರು ಶಬ್ದಗಳನ್ನೇ ಉಪಶೀರ್ಷಿಕೆಯಾಗಿ ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಮೌಲ್ಯಮಾಪನಕ್ಕೆ ಕುಳಿತ ವರ್ಷಗಳಲ್ಲಿ ನಾನು ಕಂಡದ್ದು, ಬೇರೆ ಬೇರೆ ಶಾಲೆಗಳ ಮಕ್ಕಳ ಪೀಠಿಕೆಗಳೆಲ್ಲ ಒಂದೇ ಅಚ್ಚಿನವು. ಪರಿಸರ ಮಾಲಿನ್ಯವಾದರೂ ಸರಿ, ಗ್ರಂಥಾಲಯವಾದರೂ ಸರಿ, ಅದು ಇಂದಿನ ದಿನಗಳಲ್ಲಿ ಬಹಳ ಮಹತ್ವದ ವಿಷಯವಾಗಿದ್ದು ಅದರ ಬಗ್ಗೆ ಮುಂದೆ ತಿಳಿಯೋಣ! ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಅದೇ ಮಾತು ವೇಷ ಬದಲಿಸಿ ಬರುತ್ತಿತ್ತು. ಅಳಿಯ ಅಲ್ಲ, ಮಗಳ ಗಂಡ.

ಒಂದು ವರ್ಷ ಗ್ರಂಥಾಲಯವನ್ನು ಕುರಿತ ಪ್ರಬಂಧದಲ್ಲಿ ಹೆಣ್ಣುಮಗುವೊಂದು, ತಮ್ಮೂರಿನ ಪಂಚಾಯಿತಿ ಗ್ರಂಥಾಲಯದ ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಅದನ್ನು ಕೇಳಿ ತರಲು ಎಷ್ಟು ಸಲ ಓಡಾಡಬೇಕು ಎಂಬಲ್ಲಿಂದಲೇ ನೇರವಾಗಿ ಬರವಣಿಗೆಯನ್ನು ಆರಂಭಿಸಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮೌಲ್ಯಮಾಪಕರು 'ಪೀಠಿಕೆ ಇಲ್ಲ' ಎಂದು ಅಂಕ ಕಳೆಯಲು ಹೊರಟರು. ಪೀಠಿಕೆ ಇದೆ ಸ್ವಾಮಿ, ಆ ಬೀಗದ ಕೈಯೇ ಪೀಠಿಕೆ ಎಂದು ನಾನು ವಾದಿಸಿದೆ. ಮುಖ್ಯ ಮೌಲ್ಯಮಾಪಕರವರೆಗೆ ವಿಷಯ ಹೋಗಿ ಕೊನೆಗೆ ಅರ್ಧ ಅಂಕ ಉಳಿಯಿತು. ಪೂರ್ತಿ ಸಿಗಲಿಲ್ಲ. ಆ ಮಗು ಯಾವ ಊರಿನದೆಂದು ತಿಳಿಯುವಂತಿರಲಿಲ್ಲ. ಆದರೆ ಆ ಬೀಗದ ಕೈ ನನಗೆ ಇಂದಿಗೂ ನೆನಪಿದೆ. ಅಂದು ತಿದ್ದಿದ ಉಳಿದ ಪೀಠಿಕೆಗಳಲ್ಲಿ ಒಂದಾದರೂ ನೆನಪಿಲ್ಲ.

ಮುಂದಣ ಮಾತಿನ ಸೂಚನೆಯನ್ನೇ ನಾನು ಬೇಡವೆನ್ನುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮ ಮನೆಯ ಸುತ್ತಲೇ ಅದರ ನ್ಯಾಯವಾದ ಬಳಕೆ ನಡೆಯುತ್ತಿದೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಇಲ್ಲಿದೆ. 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ರಾಷ್ಟ್ರೀಯ ಕಾನೂನು ಶಾಲೆ ಇಲ್ಲಿದೆ. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಇಷ್ಟು ಇಂಗ್ಲಿಷ್ ಪ್ರೌಢಪ್ರಬಂಧಗಳು ಹುಟ್ಟುವ ಬಡಾವಣೆ ಬೆಂಗಳೂರಿನಲ್ಲಿ ಇನ್ನೊಂದಿದೆಯೋ ಇಲ್ಲವೋ! ಮುನ್ನೂರು ಪುಟಗಳ ಪ್ರೌಢಪ್ರಬಂಧದ ಮೊದಲ ಅಧ್ಯಾಯದ ಕೊನೆಯಲ್ಲಿ, ಎರಡನೆಯ ಅಧ್ಯಾಯದಲ್ಲಿ ಇದು, ಮೂರನೆಯದರಲ್ಲಿ ಅದು ಎಂದು ಹೇಳುವುದು ಓದುವವನ ಮೇಲಿನ ದಯೆ. ಅಷ್ಟು ದೊಡ್ಡ ಊರಿನಲ್ಲಿ ದಾರಿ ತಪ್ಪುವ ಸಂಭವವುಂಟು. ಕಾನೂನಿನ ಪತ್ರದಲ್ಲಿ 'ಹಿಯರಿನ್‌ಆಫ್ಟರ್' ಎಂದು ಒಮ್ಮೆ ಹೇಳಿ ಒಬ್ಬರಿಗೆ 'ಮಾರಾಟಗಾರರು' ಎಂದು ಹೆಸರಿಟ್ಟರೆ ಅವರ ತಂದೆಯ ಹೆಸರು, ವಯಸ್ಸು, ವಿಳಾಸಗಳನ್ನು ಮತ್ತೆ ಮತ್ತೆ ಬರೆಯುವುದು ತಪ್ಪುತ್ತದೆ. ನಮ್ಮ ಕ್ರಯಪತ್ರಗಳಲ್ಲಿ 'ಷೆಡ್ಯೂಲಿನಲ್ಲಿ ವಿವರಿಸಿರುವ ಸ್ವತ್ತು' ಎಂದು ಮೇಲೆ ಬರೆದು, ಕೊನೆಯಲ್ಲಿ ಪೂರ್ವ ಪಶ್ಚಿಮ ಉತ್ತರ ದಕ್ಷಿಣಗಳ ಚಕ್ಕುಬಂದಿಯನ್ನು ಕೊಡುತ್ತಾರೆ. ಅಲ್ಲಿ ಕೈಮರವೂ ಇದೆ, ಊರೂ ಇದೆ. ಅಳೆದು ನೋಡಬಹುದಾದ ಊರು.

ನಮ್ಮ ಕವಿಗಳು ಇದನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದನ್ನು ನೋಡಿ. ಗದುಗಿನ ಭಾರತದ ಅಚ್ಚಾದ ಪ್ರತಿಯನ್ನು ತೆಗೆದರೆ ಸಂಧಿಯ ಮೊದಲಿಗೆ 'ಸೂಚನೆ' ಎಂಬ ಪದ್ಯ ಕಾಣುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಹೀಗೆಯೇ. ಆ ಕಾವ್ಯಗಳು ಗಮಕಿಯ ಬಾಯಿಂದ ಜನರ ಕಿವಿಗೆ ತಲಪುತ್ತಿದ್ದವು. ಕೇಳುವವನು ಪುಟ ಹಿಂದೆ ತಿರುಗಿಸುವಂತಿಲ್ಲ, ನಡುವೆ ಬಂದು ಕುಳಿತವನಿಗೆ ಯಾವ ಪ್ರಸಂಗವೆಂದು ತಿಳಿಯಬೇಕು. ಆದ್ದರಿಂದ ಸೂಚನೆ. ಆದರೆ ಅದರ ರೀತಿಯನ್ನು ಗಮನಿಸಿ. 'ಈ ಸಂಧಿಯಲ್ಲಿ ನಾನು ಯುದ್ಧದ ವಿವಿಧ ಆಯಾಮಗಳನ್ನು ಚರ್ಚಿಸಲಿದ್ದೇನೆ' ಎಂದು ಕುಮಾರವ್ಯಾಸ ಹೇಳುವುದಿಲ್ಲ. ಯಾರು ಯಾರನ್ನು ಗೆದ್ದರು, ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನೇ ಹೇಳಿಬಿಡುತ್ತಾನೆ. ಸೂಚನೆಯಲ್ಲೇ ಕಥೆಯ ತಿರುಳಿರುತ್ತದೆ. ಅದನ್ನು ಮಾತ್ರ ಕೇಳಿ ಎದ್ದುಹೋದವನೂ ಬರಿಗೈಯಲ್ಲಿ ಹೋಗುವುದಿಲ್ಲ. ಅಳತೆಯಾದರೂ ಎಷ್ಟು? ಒಂದು ಇಡೀ ಸಂಧಿಗೆ ಒಂದು ಪದ್ಯ. ನಮ್ಮ ಬೀದಿಯ ಹುಡುಗನ 25 ಪದಗಳಲ್ಲಿ ಮೊಬೈಲ್ ಫೋನಿನ ಬಗ್ಗೆ ಒಂದಾದರೂ ಸಂಗತಿ ಇದೆಯೇ? ಅದರಲ್ಲಿ 'ಮೊಬೈಲ್ ಫೋನ್ಸ್' ಎಂಬುದನ್ನು ತೆಗೆದು 'ಆನೆಗಳು' ಎಂದು ಹಾಕಿದರೂ ವಾಕ್ಯಕ್ಕೆ ಯಾವ ಧಕ್ಕೆಯೂ ಆಗುವುದಿಲ್ಲ. ಯಾವ ವಿಷಯಕ್ಕಾದರೂ ಹೊಂದುವ ಸೂಚನೆ ಯಾವ ವಿಷಯದ ಸೂಚನೆಯೂ ಅಲ್ಲ.

ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಬಂದಿತು. ಇಂಗ್ಲಿಷ್ ಪ್ರಬಂಧಗಳನ್ನು ಅರೆದು ಕುಡಿದವರು ಅವರು. ಅವರ ಪ್ರಬಂಧದ ಬಾಗಿಲಲ್ಲಿ ಫಲಕ ತೂಗುವುದನ್ನು ನಾನು ಕಂಡಿಲ್ಲ. ಇಂಗ್ಲಿಷಿನ ಪದ್ಧತಿಯೇ ಹಾಗೆ ಎನ್ನುವವರು ದಯವಿಟ್ಟು ಅವರನ್ನೊಮ್ಮೆ ಓದಬೇಕು.

ಪದ್ಧತಿಯ ಮಾತು ಬಂದದ್ದರಿಂದ ವ್ಯಾಕರಣದ ಒಂದೆರಡು ಸಂಗತಿ. (ಹಳೆಯ ಶಿಷ್ಯರು ಮುಗುಳ್ನಗುತ್ತಿರುವುದು ನನಗೆ ಗೊತ್ತು.) ಇಂಗ್ಲಿಷಿನ ವಾಕ್ಯ ಸ್ವಭಾವತಃ ಮುಂದಕ್ಕೆ ಬೆರಳು ತೋರುತ್ತದೆ. 'ಹೀ ಸೆಡ್ ದ್ಯಾಟ್' ಎಂದ ಮೇಲೆ ಅವನು ಹೇಳಿದ್ದು ಬರುತ್ತದೆ. ಕನ್ನಡ ಹಾಗಲ್ಲ. ಹೇಳಿದ್ದೆಲ್ಲ ಮೊದಲು ಬಂದು, ಆಮೇಲೆ 'ಎಂದು' ಎಂಬ ಪುಟ್ಟ ಮಾತು ಅದನ್ನು ಹಿಂದಿನಿಂದ ಗಂಟು ಕಟ್ಟುತ್ತದೆ. ಎಂದು, ಎಂಬ, ಎಂಬುದು, ಹೀಗೆ, ಇಂತು, ಇವೆಲ್ಲ ಕಳೆದ ದಾರಿಯನ್ನು ಕೂಡಿಸಿ ಕಟ್ಟುವ ಹಗ್ಗಗಳು. ಮುಂದಕ್ಕೆ ತೋರಬೇಕಾದಾಗ ನಾವು ಪ್ರಶ್ನೆಯ ಸಹಾಯ ಪಡೆಯುತ್ತೇವೆ: ಏನೆಂದರೆ, ಏಕೆಂದರೆ, ಹೇಗೆಂದರೆ. ಆಡುಮಾತಿನ 'ವಿಷಯ ಏನಪ್ಪಾ ಅಂದ್ರೆ' ಕೂಡ ಇದೇ ಕುಲದ್ದು. ನಮ್ಮ ಮಕ್ಕಳ 'ವೈ ಬಿಕಾಸ್' ಹುಟ್ಟಿದ್ದು ಇಲ್ಲಿಂದಲೇ. 'ಏಕೆ'ಗೆ ಒಂದು, 'ಎಂದರೆ'ಗೆ ಇನ್ನೊಂದು ಎಂದು ಲೆಕ್ಕ ಒಪ್ಪಿಸಿದ ಪ್ರಾಮಾಣಿಕ ಮಕ್ಕಳವು! ಅದನ್ನು ಕೇಳಿ ನಕ್ಕವರೇ ಹೆಚ್ಚು, ಕಾರಣ ವಿವರಿಸಿದವರು ಕಡಿಮೆ.

'ಆ್ಯಸ್ ಫಾಲೋಸ್' ಎಂಬುದು ಮುಂದೆ ಹತ್ತು ಕಾರಣಗಳು ಬಂದರೂ 'ಫಾಲೋಸ್' ಆಗಿಯೇ ಇರುತ್ತದೆ; ಫೌಲರ್ 1926ರ ತನ್ನ ಪ್ರಯೋಗಕೋಶದಲ್ಲೇ ಇದನ್ನು ಹೇಳಿ ಮುಗಿಸಿದ್ದಾನೆ. ಹಾಗೆಯೇ, ಕನ್ನಡದಲ್ಲಿ 'ಮೇಲಿನ ಉದಾಹರಣೆ', 'ಕೆಳಗಿನ ಉದಾಹರಣೆ' ಎರಡೂ ಸರಿಸಮಾನ. ಇಂಗ್ಲಿಷಿನಲ್ಲಿ 'ದಿ ಅಬವ್ ಎಗ್ಸಾಂಪಲ್' ಸಲ್ಲುತ್ತದೆ, 'ದಿ ಬಿಲೋ ಎಗ್ಸಾಂಪಲ್' ಮಾತ್ರ ಅನೇಕರ ಕಿವಿಗೆ ಒರಟು. ನಮ್ಮ ಕಚೇರಿಗಳ 'ಬಿಲೋ ಮೆನ್ಶನ್ಡ್' ಎಂಬುದು ಕನ್ನಡದ ಸಮತೂಕವನ್ನು ಇಂಗ್ಲಿಷಿನ ಮೇಲೆ ಹೇರಿದ್ದರ ಫಲ. ಇವು ಕ್ಷಮಿಸಬಹುದಾದ ದೋಷಗಳು. ನನಗೆ ಕ್ಷಮಿಸಲಾಗದ್ದು ಬೇರೆ ಇದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪದವೀಧರ, ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ನಮ್ಮ ಕಡೆಯೇ ಒಂದು ಮನೆಯನ್ನು ಭೋಗ್ಯಕ್ಕೆ ಪಡೆದಿದ್ದ. ಊರಿನ ತೆಂಗಿನ ತೋಟದಲ್ಲಿ ತನ್ನ ಪಾಲು ಮಾರಿ ಬಂದ ಹಣವನ್ನು ಒಟ್ಟಾಗಿ ಕೊಟ್ಟಿದ್ದ. ಅವಧಿ ಮುಗಿದು ಮನೆ ಬಿಡುವಾಗ ಮಾಲೀಕರು ಬಣ್ಣ, ರಿಪೇರಿ, ಇನ್ನೂ ಏನೇನೋ ಎಂದು ದೊಡ್ಡ ಮೊತ್ತವನ್ನೇ ಮುರಿದುಕೊಂಡರು. ಅವನು ಕರಾರುಪತ್ರ ಹಿಡಿದು ನನ್ನಲ್ಲಿಗೆ ಬಂದ. ಛಾಪಾ ಕಾಗದದ ಮೇಲೆ ಸೊಗಸಾದ ಇಂಗ್ಲಿಷ್. ಬಣ್ಣ ಮತ್ತು ರಿಪೇರಿಯ ಬಾಬ್ತು ಕಡಿತವು 'ಆ್ಯಸ್ ಡೀಟೇಲ್ಡ್ ಹಿಯರ್‌ಅಂಡರ್' ಇರತಕ್ಕದ್ದು ಎಂದು ಏಳನೆಯ ಕಲಮಿನಲ್ಲಿದೆ. ಎಂಟನೆಯ ಕಲಮು ನೀರಿನ ಮೀಟರಿನದು. ಒಂಬತ್ತನೆಯದು ವಾಹನ ನಿಲುಗಡೆ. ಅದಾದ ಮೇಲೆ ಸಾಕ್ಷಿಗಳ ಸಹಿ. 'ಹಿಯರ್‌ಅಂಡರ್' ತೋರಿಸಿದ ವಿವರ ಆ ಪತ್ರದಲ್ಲೆಲ್ಲೂ ಇಲ್ಲ.

"ಸಹಿ ಮಾಡುವಾಗ ಇದನ್ನು ನೋಡಲಿಲ್ಲವೇನಪ್ಪಾ?"

"ನೋಡಿದೆ ಸಾರ್. ಕೆಳಗೆ ಎಲ್ಲೋ ಇರುತ್ತೆ ಅಂದುಕೊಂಡೆ. ಅಂಥಾ ಪದ ಎಲ್ಲಾ ಪತ್ರದಲ್ಲೂ ಇರುತ್ತಲ್ಲ ಸಾರ್."

ಈ ಉತ್ತರ ಕೇಳಿ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವನು ದಡ್ಡನಲ್ಲ, ಇಂಗ್ಲಿಷ್ ಬಾರದವನೂ ಅಲ್ಲ. ಬಾಲ್ಯದಿಂದ ಅವನು ಓದಿದ, ಬರೆದ ಬರವಣಿಗೆಯಲ್ಲೆಲ್ಲ ಮುಂದೆ ತೋರುವ ಮಾತುಗಳು ಬರಿಯ ಅಲಂಕಾರಗಳಾಗಿದ್ದವು. ಅವು ತೋರಿದ ಕಡೆ ನೋಡುವ ಅಗತ್ಯ ಅವನಿಗೆ ಎಂದೂ ಬೀಳಲಿಲ್ಲ, ಅಲ್ಲಿ ಏನೂ ಇರುತ್ತಿರಲಿಲ್ಲ. ಹುಸಿ ಕೈಮರಗಳ ನಡುವೆ ಬೆಳೆದ ಕಣ್ಣು ನಿಜವಾದ ಕೈಮರವನ್ನೂ ದಾಟಿ ಹೋಗುತ್ತದೆ. 'ಹಿಯರ್‌ಅಂಡರ್' ಎಂಬುದು ಒಂದು ವಾಗ್ದಾನ. ವಾಗ್ದಾನ ಕೊಟ್ಟವನನ್ನು 'ಎಲ್ಲಿ ತೋರಿಸು' ಎಂದು ಕೇಳಬೇಕೆಂಬುದನ್ನು ಅವನಿಗೆ ಯಾವ ಪ್ರಬಂಧವೂ ಕಲಿಸಿರಲಿಲ್ಲ. ಬೋಧಿಸಿದ್ದು ಅದನ್ನು ಹೇಗೆ ಬರೆಯಬೇಕೆಂಬುದನ್ನು ಮಾತ್ರ. ತೋಟದ ಹಣದಲ್ಲಿ ಒಂದು ಭಾಗ ಹೋಯಿತು. ವಕೀಲರ ನೋಟೀಸು, ಮಧ್ಯಸ್ಥಿಕೆ ಎಲ್ಲ ನಡೆದು ಸ್ವಲ್ಪ ವಾಪಸು ಬಂತು.

ಈಚೆಗೆ ಕನ್ನಡದಲ್ಲಿಯೂ ಈ ಪಿಡುಗು ಹಬ್ಬಿದೆ. ಸರ್ಕಾರಿ ಪತ್ರಗಳ 'ಕೆಳಗೆ ಸಹಿ ಮಾಡಿರುವ ನಾನು', 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಹಳೆಯವು. ಅವುಗಳ ಹಿಂದೆ ಸಹಿಯೂ ವಿಷಯವೂ ಇರುತ್ತವಾದ್ದರಿಂದ ಬಿಟ್ಟುಬಿಡೋಣ. ನಮ್ಮ ತಂದೆಯವರ ಕಾಲದ ಕಾಗದಗಳಲ್ಲಿ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ 'ಈ ಪತ್ರ ಬರೆಯಲು ಕಾರಣವೇನೆಂದರೆ' ಎಂದು ಬರುತ್ತಿತ್ತು. ಆ ಮಾತು ಕಂಡೊಡನೆ ಮನೆಮಂದಿಯೆಲ್ಲ ಕಿವಿ ನಿಮಿರಿಸುತ್ತಿದ್ದರು. ಸಾವೋ, ಮದುವೆಯೋ, ಸಾಲವೋ, ಏನೋ ಒಂದು ಖಂಡಿತವಾಗಿ ಬರುತ್ತಿತ್ತು. ಇಂದು ಅಂತರಜಾಲದ ಕನ್ನಡ ಸುದ್ದಿಗಳ ತಲೆಬರಹ ನೋಡಿ: 'ಇಲ್ಲಿದೆ ಸಂಪೂರ್ಣ ಮಾಹಿತಿ', 'ಅಷ್ಟಕ್ಕೂ ಆಗಿದ್ದೇನು?'. ಒಳಗೆ ಹೋದರೆ ಸಂಪೂರ್ಣವೂ ಇಲ್ಲ, ಮಾಹಿತಿಯೂ ಇಲ್ಲ. ವಾರಪತ್ರಿಕೆಗಳ ಧಾರಾವಾಹಿಯ ಕೊನೆಯಲ್ಲಿ 'ಸಶೇಷ' ಎಂದಿದ್ದರೆ ಮುಂದಿನ ವಾರ ಶೇಷ ಬಂದೇ ಬರುತ್ತಿತ್ತು.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನನ್ನ ಶಿಷ್ಯೆಯೊಬ್ಬಳು ದೂರವಾಣಿಯಲ್ಲಿ ಇದಕ್ಕೆ ಆಕ್ಷೇಪಿಸಿದಳು. "ಸಾರ್, ಹಿಂದುಳಿದ ಮಕ್ಕಳಿಗೆ ಒಂದು ಚೌಕಟ್ಟು ಬೇಕು. ಅದೂ ಇಲ್ಲದಿದ್ದರೆ ಅವರು ಖಾಲಿ ಹಾಳೆ ಕೊಟ್ಟು ಬರ್ತಾರೆ." ಮಾತಿನಲ್ಲಿ ಸತ್ಯವಿದೆ. ಬಿ.ಎಡ್. ಪಾಠಯೋಜನೆಯಲ್ಲಿ ನಾವೆಲ್ಲ 'ಉದ್ದೇಶ ಕಥನ' ಎಂದು ಬರೆದವರೇ: ನಾಲ್ಕು ಪ್ರಶ್ನೆ ಕೇಳಿ, "ಮಕ್ಕಳೇ, ಇಂದು ನಾವು ಇಂಥದನ್ನು ಕಲಿಯೋಣ" ಎಂದು ಘೋಷಿಸುವುದು. ತರಗತಿಯಲ್ಲಿ ಅದು ಸರಿ, ಏಕೆಂದರೆ ಹೇಳಿದ ಮರುಕ್ಷಣವೇ ಪಾಠ ಆರಂಭವಾಗಲೇಬೇಕು, ತಪ್ಪಿಸಿಕೊಂಡರೆ ಮಕ್ಕಳೇ ಹಿಡಿಯುತ್ತಾರೆ. ಆದರೆ ಖಾಲಿ ಹಾಳೆಗೆ ಮದ್ದು ಚೌಕಟ್ಟಲ್ಲ. ಗ್ರಂಥಾಲಯದ ಬೀಗದ ಕೈಯಂಥ ಒಂದು ಸಂಗತಿಯನ್ನು ಮಗುವಿನ ಬಾಯಿಂದ ಹೊರಡಿಸುವುದು ಮದ್ದು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, 40 ಪದಗುಚ್ಛಗಳ ಹಾಳೆ ಹಂಚಲು ಎರಡು ನಿಮಿಷ ಸಾಕು. ವ್ಯತ್ಯಾಸವಿರುವುದು ಅಲ್ಲಿ. ಬಡ ಮಕ್ಕಳ ಹೆಸರು ಹೇಳಿ ನಮ್ಮ ಆ ಅರ್ಧ ಗಂಟೆಯನ್ನು ಉಳಿಸಿಕೊಳ್ಳಬಾರದು ಎಂದು ಅವಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಮುಂದಿನ ಸಲ ಮನೆಗೆ ಬಂದಾಗ ಜಗಳ ಮುಂದುವರಿಯಲಿದೆ.

ಶಿಕ್ಷಕರಾಗಿರುವ ನನ್ನ ಶಿಷ್ಯರು ಈ ವರ್ಷದ ನೋಟ್‌ಬುಕ್ ತಿದ್ದುವಾಗ ಒಂದು ಕೆಲಸ ಮಾಡಿ ನೋಡಲಿ. ಮಗು ಎಲ್ಲೆಲ್ಲಿ 'ಈ ಕೆಳಗಿನಂತೆ', 'ಆ್ಯಸ್ ಫಾಲೋಸ್', 'ವಿಲ್ ಡಿಸ್ಕಸ್' ಎಂದು ಬರೆದಿದೆಯೋ ಅಲ್ಲಿ ಪೆನ್ಸಿಲಿನಿಂದ ಒಂದು ಬಾಣ ಎಳೆದು, ಅದು ತೋರಿದ ಮಾತು ಇರುವ ಸಾಲಿನವರೆಗೆ ಒಯ್ಯಲಿ. ಸಾಲು ಸಿಕ್ಕರೆ ಸರಿ ಗುರುತು ಹಾಕಲಿ. ಸಿಗದಿದ್ದರೆ ಬಾಣವನ್ನು ಹಾಳೆಯ ಅಂಚಿನವರೆಗೂ ಎಳೆದು ಬಿಡಲಿ, ಮಗುವೇ ಬಂದು ಕೇಳುತ್ತದೆ. ಭೋಗ್ಯಪತ್ರಕ್ಕೆ ಸಹಿ ಮಾಡಲು ಹೊರಟಿರುವ ಉಳಿದವರೂ ಅದೇ ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ.